ಐದು ಕಟ್ಟು, ಒಂದು ಕೈ

“ಗುರುಗಳೇ, ನಾನು ಐದು ಪುಸ್ತಕ ನೋಡಿ ಉತ್ತರ ಬರೆದಿದ್ದೇನೆ. ನೀವು ಅದರ ಪಕ್ಕದಲ್ಲಿ ‘ಒಂದು’ ಎಂದು ಬರೆದಿದ್ದೀರಿ. ಐದು ಹೇಗೆ ಒಂದಾಗುತ್ತದೆ?”

ಕೇಳಿದವಳು ದಾನೇಶ್ವರಿ. ಮಠದ ಕಾಲೇಜಿಗೆ ಸೇರಿ ಅವಳಿಗೆ ಎರಡು ತಿಂಗಳಾಗಿತ್ತು. ಕೇಳಿಸಿಕೊಂಡವರು ಸಂಗಯ್ಯನವರು. ಕಾಲೇಜಿನ ಗ್ರಂಥಾಲಯವನ್ನು ಮೂವತ್ತು ವರ್ಷದಿಂದ ನೋಡಿಕೊಂಡು ಬಂದವರು ಅವರೇ.

ಆ ಗ್ರಂಥಾಲಯಕ್ಕೆ ಒಂದು ಪದ್ಧತಿ ಇತ್ತು. ಮೊದಲ ವರ್ಷದ ಮಕ್ಕಳೆಲ್ಲ ಶನಿವಾರ ಅಲ್ಲಿಗೆ ಬರಬೇಕು. ಬಾಗಿಲ ಹತ್ತಿರ ಒಂದು ತಗಡಿನ ಡಬ್ಬಿ, ಡಬ್ಬಿಯ ತುಂಬ ಚೀಟಿ, ಚೀಟಿಗೊಂದು ಪ್ರಶ್ನೆ. ಕೈಗೆ ಬಂದ ಪ್ರಶ್ನೆಗೆ ಮುಂದಿನ ಶನಿವಾರದೊಳಗೆ ಉತ್ತರ ಹುಡುಕಿ ತರಬೇಕು. ಬರೀ ಉತ್ತರ ತಂದರೆ ಸಂಗಯ್ಯನವರು ಒಪ್ಪುವವರಲ್ಲ. ಇದನ್ನು ಹೇಳಿದವರು ಯಾರು, ಯಾರಿಗಾಗಿ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು, ಅದನ್ನೂ ಕೆಳಗೆ ಬರೆದಿರಬೇಕು. ಮಕ್ಕಳಿಗೆ ಇದೊಂದು ತಲೆನೋವು. ಹೆಣ್ಣು ನೋಡಲು ಹೋದವರ ಹಾಗೆ ಪುಸ್ತಕದ ಕುಲಗೋತ್ರ ಕೇಳಬೇಕಂತೆ ಎಂದು ಹಾಸ್ಟೆಲಿನಲ್ಲಿ ಕೂತು ನಗುತ್ತಿದ್ದರು.

ದಾನೇಶ್ವರಿಗೆ ಬಂದ ಚೀಟಿಯಲ್ಲಿ ಊರ ಕೆರೆಯ ತೂಬನ್ನು ಕಟ್ಟಿಸಿದವರು ಯಾರು ಎಂದು ಇತ್ತು. ಅವಳು ವಾರವಿಡೀ ಕೂತು ಐದು ಪುಸ್ತಕ ತೆಗೆದಿದ್ದಳು.

“ಐದರಲ್ಲೂ ಅದೇ ಇದೆ ಗುರುಗಳೇ. ಒಂದು ಮಾತೂ ಆಚೀಚೆ ಇಲ್ಲ. ಐದು ಜನ ಸೇರಿಕೊಂಡು ಸುಳ್ಳು ಹೇಳುತ್ತಾರೆಯೇ?”

“ಸುಳ್ಳು ಅಂತ ನಾನೆಲ್ಲಿ ಅಂದೆ, ತಂಗಿ? ಒಂದು ಅಂದೆ ಅಷ್ಟೆ” ಎಂದರು ಸಂಗಯ್ಯನವರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ? ಕೂತುಕೋ.”

ಅವಳು ಕೂತಳು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣವಿದ್ದ ಮನುಷ್ಯ. ಅವನ ಮನೆಯ ಒಳಕೋಣೆಯಲ್ಲಿ ಓಲೆಗರಿಯ ಕಟ್ಟುಗಳಿದ್ದವು, ಮುನ್ನೂರಕ್ಕೂ ಮಿಕ್ಕಿ. ಅಜ್ಜನ ಕಾಲದ್ದು ಕೆಲವು, ಅವನೇ ಬರೆದದ್ದು ಕೆಲವು, ಜನ ತಂದುಕೊಟ್ಟದ್ದು ಬಹಳ. ಆ ಕಾಲದಲ್ಲಿ ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಹರಕೆ ಹೊತ್ತರೆ, ಯಾವುದಾದರೂ ಪುಸ್ತಕದ ಪ್ರತಿ ಬರೆಸಿ ದಾನ ಕೊಡುವ ರೂಢಿ ಇತ್ತು. ಅನ್ನ ದಾನ ಮಾಡಿದರೆ ಒಂದು ಹೊತ್ತಿನ ಪುಣ್ಯ, ಪುಸ್ತಕ ದಾನ ಮಾಡಿದರೆ ಓದುವವರು ಇರುವ ತನಕ ಪುಣ್ಯ ಎಂದು ಜನ ನಂಬಿದ್ದರು. ಹಾಗೆ ಬಂದ ಕಟ್ಟಿಗೆ ವೈದ್ಯ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ಒಳಗೆ ಇಡುತ್ತಿದ್ದ.

ಅವನ ಹತ್ತಿರ ಕಲಿಯಲು ಒಬ್ಬ ಶಿಷ್ಯ ಬಂದ. ಇಪ್ಪತ್ತು ವರ್ಷದವನು. ಎಂಥ ಚುರುಕು ಅಂದರೆ, ಬಂದ ಮೂರು ತಿಂಗಳಿಗೆ ಯಾವ ಕಟ್ಟು ಯಾವ ಗೂಡಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ವೈದ್ಯ ಅಂಗಳದಲ್ಲಿ ಕೂತು ಹೀಗೊಂದು ರೋಗ ಎಂದರೆ ಸಾಕು, ಶಿಷ್ಯ ಒಳಗೆ ಹೋಗಿ ಅದೇ ಗರಿಯನ್ನು ಬಿಚ್ಚಿ ಹಿಡಿದುಕೊಂಡು ಬರುತ್ತಿದ್ದ. ಬಂದವರು ಹೊಗಳಿದರು. ಅವನಿಗೂ ಹಿಗ್ಗಾಯಿತು. ಆಗದೆ ಇರುತ್ತದೆಯೇ, ವಯಸ್ಸು ಅಂಥದ್ದು.

ಒಂದು ಸಲ ವೈದ್ಯ ಪಕ್ಕದ ಸೀಮೆಗೆ ಹೋಗಬೇಕಾಯಿತು. ಹೋಗುವಾಗ ಶಿಷ್ಯನನ್ನು ಕರೆದು, “ಗಾಯಕ್ಕೆ ಲೇಪ ಹಚ್ಚು, ನೆಗಡಿಗೆ ಕಷಾಯ ಕೊಡು. ಉಳಿದವರಿಗೆ ನಾಳೆ ಬನ್ನಿ ಅನ್ನು” ಎಂದು ಹೇಳಿ ಹೋದ.

ಅವನು ಹೋದ ಬೆಳಿಗ್ಗೆಯೇ ಒಬ್ಬ ಕುಂಬಾರ ಬಂದ. ಹೆಗಲ ಮೇಲೆ ಮಗಳು. ನಾಲ್ಕು ವರ್ಷದ ಕೂಸು, ಮೂರು ಗಂಡು ಮಕ್ಕಳನ್ನು ಕಳೆದುಕೊಂಡ ಮೇಲೆ ಹುಟ್ಟಿದ್ದು. ಅದರ ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ನಿನ್ನೆಯಿಂದ ಏನೂ ತಿಂದಿಲ್ಲ, ಅಳುವುದಕ್ಕೂ ತ್ರಾಣವಿಲ್ಲ. ಕುಂಬಾರನ ಮೊಣಕೈ ತನಕ ಮಣ್ಣು ಒಣಗಿತ್ತು. ತಿಗರಿ ತಿರುಗುತ್ತಿರುವಾಗಲೇ ಬಿಟ್ಟು ಎದ್ದು ಬಂದಿದ್ದ.

“ಗುರುಗಳು ಇಲ್ಲ. ನಾಳೆ ಬರುತ್ತಾರೆ” ಎಂದ ಶಿಷ್ಯ.

“ನಾಳೆ ತನಕ ಈ ಕೂಸು ತಡೆಯುತ್ತದಾ ಸ್ವಾಮಿ? ನೀವೇ ನೋಡಿ. ನನಗಿರೋದು ಇದೊಂದೇ.”

ಶಿಷ್ಯ ಕೂಸಿನ ಹೊಟ್ಟೆ ಮುಟ್ಟಿ ನೋಡಿದ. ಕಲ್ಲಿನ ಹಾಗಿತ್ತು. ಗುರು ಹೇಳಿಹೋದದ್ದು ನೆನಪಿಗೆ ಬಂತು. ಆದರೆ ಎದುರಿಗೆ ಒಬ್ಬ ತಂದೆ ನಿಂತಿದ್ದಾನೆ, ಒಳಗೆ ಮುನ್ನೂರು ಕಟ್ಟು ಇವೆ. ಹುಡುಕುವುದು ತನಗೆ ಬರುತ್ತದೆ. ಕೈಕಟ್ಟಿ ಕೂರುವುದು ಯಾವ ಧರ್ಮ ಎಂದುಕೊಂಡು ಒಳಗೆ ಹೋದ.

ಹೊಟ್ಟೆಯುಬ್ಬರದ ಮದ್ದು ಬೇಗನೆ ಸಿಕ್ಕಿತು. ‘ಹೊಟ್ಟೆ ಉಬ್ಬಿ, ತಿನ್ನುವುದು ನಿಂತು, ಏದುಸಿರು ಬಿಟ್ಟರೆ’ ಎಂದು ಶುರುವಾಗಿತ್ತು. ಒಂದು ಕಹಿಬೇರಿನ ಹೆಸರಿತ್ತು. ಹಿಡಿ ಬೇರನ್ನು ಜಜ್ಜಿ, ಎಷ್ಟು ನೀರಿಗೆ ಹಾಕಿ, ಎಷ್ಟಕ್ಕೆ ಇಳಿಸಿ, ಒಂದೇ ಸಲಕ್ಕೆ ಕುಡಿಸಬೇಕು ಎಂದು ಬಿಡಿಸಿ ಹೇಳಿತ್ತು. ‘ಒಂದು ಗಳಿಗೆಯಲ್ಲಿ ಉಬ್ಬರ ಇಳಿಯುವುದು. ತಪ್ಪುವುದಿಲ್ಲ’ ಎಂದು ಮುಗಿದಿತ್ತು.

ನೋಡು ತಂಗಿ, ಅವನು ದಡ್ಡನಲ್ಲ. ಒಂದು ಕಡೆ ಇದ್ದದ್ದನ್ನು ನಂಬಿ ಬೇರು ಕೀಳಲು ಓಡಲಿಲ್ಲ. ಇನ್ನೊಂದು ಕಟ್ಟು ಬಿಚ್ಚಿದ. ಅದರಲ್ಲೂ ಅದೇ ಬೇರು, ಅದೇ ಅಳತೆ. ಮೂರನೆಯದನ್ನು ಬಿಚ್ಚಿದ. ನಾಲ್ಕು, ಐದು. ಐದರಲ್ಲೂ ಒಂದೇ ಮಾತು. ಅವನ ಎದೆ ನಿರಾಳವಾಯಿತು. ಇನ್ನೊಂದು ಹಳೆಯ ಕಟ್ಟಿನಲ್ಲಿ ಮಾತ್ರ ಬೇರೆ ಇತ್ತು. ಮಕ್ಕಳ ಹೊಟ್ಟೆಗೆ ಹರಳೆಣ್ಣೆ ಸವರಿ ಶಾಖ ಕೊಡಿ, ಓಮದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಅವಸರ ಮಾಡಬೇಡಿ ಎಂದು ಯಾರೋ ಬರೆದಿದ್ದರು. ಐದರ ಎದುರು ಇದೊಂದು. ಶಿಷ್ಯ ಅದನ್ನು ಕಟ್ಟಿ ಗೂಡಿಗೆ ಇಟ್ಟ.

ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು. ಯಾವ ಪುಸ್ತಕವಾದರೂ ದೇವರ ಹೆಸರಿನಿಂದ ಶುರುವಾಗುತ್ತದೆ, ಆಮೇಲೆ ಗುರುವಿನ ಹೆಸರು, ಆಮೇಲೆ ಬರೆದವನ ಹೆಸರು. ಈ ಐದಕ್ಕೆ ಅದು ಯಾವುದೂ ಇರಲಿಲ್ಲ. ಮೊದಲ ಸಾಲಿನಿಂದಲೇ ಮದ್ದುಗಳ ಪಟ್ಟಿ. ಶಿಷ್ಯನಿಗೆ ಅದು ಹಿಡಿಸಿತು. ಬರೆದವನು ಕೆಲಸದ ಮನುಷ್ಯ, ಸುತ್ತಿ ಬಳಸಿ ಮಾತಾಡುವವನಲ್ಲ ಎಂದುಕೊಂಡ.

ಬೇರು ಜಜ್ಜಿ ಒಲೆಯ ಮೇಲೆ ಇಟ್ಟ. ಕೂಸು ಚಿಕ್ಕದು ಎಂದು ಅರ್ಧ ಅಳತೆ ಮಾಡಿದ. ಅಷ್ಟು ಜೋಪಾನ ಮಾಡಿದ. ಕಷಾಯ ಆರುವ ತನಕ ಕುಂಬಾರ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೂ ಒಂದು ಮಾತು ಕೇಳಿದ.

“ಇದನ್ನು ಮುಂಚೆ ಯಾವುದಾದರೂ ಕೂಸಿಗೆ ಕೊಟ್ಟಿದ್ದಾರಾ ಸ್ವಾಮಿ? ಕೊಟ್ಟವರು ಯಾರು?”

“ಐದು ಪುಸ್ತಕದಲ್ಲಿದೆ, ಕುಂಬಾರಣ್ಣ” ಎಂದ ಶಿಷ್ಯ.

ಒಂದು ಪುಸ್ತಕವನ್ನೇ ಓದಲಾರದವನು ಐದಕ್ಕೆ ಏನು ಎದುರಾಡುತ್ತಾನೆ? ಕುಂಬಾರ ಕೈಮುಗಿದ.

ಕೂಸು ಬಟ್ಟಲು ನೋಡಿ ಮುಖ ತಿರುಗಿಸಿತು.

“ಕಹಿನಾ?”

“ಸ್ವಲ್ಪ. ಕುಡಿದರೆ ಬೆಲ್ಲ ಕೊಡುತ್ತೇನೆ.”

“ಮೊದಲು ಬೆಲ್ಲ.”

ಅಂಥ ಹೊತ್ತಿನಲ್ಲೂ ಅಪ್ಪನಿಗೆ ನಗು ಬಂತು. ಶಿಷ್ಯನೂ ನಕ್ಕ. ಬೆಲ್ಲದ ಚೂರನ್ನು ಅದರ ಅಂಗೈಯಲ್ಲಿಟ್ಟ. ಕೂಸು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಟ್ಟಲು ಖಾಲಿ ಮಾಡಿತು.

ಪುಸ್ತಕದಲ್ಲಿ ಹೇಳಿದ ಹಾಗೆಯೇ ಆಯಿತು. ಒಂದು ಗಳಿಗೆಯಲ್ಲಿ ಉಬ್ಬರ ಇಳಿಯಿತು. ಹೊಟ್ಟೆ ಮೆತ್ತಗಾಯಿತು. ಕುಂಬಾರ ಶಿಷ್ಯನ ಕಾಲು ಹಿಡಿಯಲು ಬಗ್ಗಿದ. ಶಿಷ್ಯ ಬೇಡ ಬೇಡ ಎನ್ನುತ್ತಲೇ ಹಿಂದೆ ಸರಿದ. ಆಗ ಕೂಸಿನ ಹಣೆಯ ಮೇಲೆ ಬೆವರು ಕಂಡಿತು. ಒರೆಸಿದರೆ ಮತ್ತೆ ಬಂತು. ಕೈಗಳು ತಣ್ಣಗಾದವು. ತುಟಿಯ ಬಣ್ಣ ತಿರುಗಿತು. ಶಿಷ್ಯ ಒಳಗೆ ಓಡಿದ, ಒಂದು ಕಟ್ಟು ಬಿಚ್ಚಿದ, ಇನ್ನೊಂದು ಬಿಚ್ಚಿದ. ಹೀಗಾದರೆ ಏನು ಮಾಡಬೇಕು ಎಂದು ಐದರಲ್ಲಿ ಒಂದರಲ್ಲೂ ಇರಲಿಲ್ಲ. ಅಂಗಳದ ಬಿಸಿಲು ಜಗಲಿ ಹತ್ತುವಷ್ಟರಲ್ಲಿ ಎಲ್ಲ ಮುಗಿದುಹೋಯಿತು. ಬೆಲ್ಲ ಇನ್ನೂ ಮುಷ್ಟಿಯಲ್ಲೇ ಇತ್ತು.

ಕುಂಬಾರ ಅಳಲಿಲ್ಲ. ಬೈಯಲೂ ಇಲ್ಲ. ಬಂದ ಹಾಗೆಯೇ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

ಶಿಷ್ಯ ಐದು ಕಟ್ಟುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತ. ಮತ್ತೆ ಓದಿದ. ಬೇರು ಸರಿ, ನೀರು ಸರಿ, ಕಾಯಿಸಿದ್ದು ಸರಿ. ಅಳತೆ ಅರ್ಧ ಬೇರೆ. ಎಲ್ಲಿ ತಪ್ಪಿದೆ? ಒಬ್ಬ ತಪ್ಪಬಹುದು, ಇಬ್ಬರು ತಪ್ಪಬಹುದು, ಐದು ಜನ ಹೇಗೆ ತಪ್ಪುತ್ತಾರೆ? ಅವನು ಊಟ ಮಾಡಲಿಲ್ಲ, ಎದ್ದು ಬಾಗಿಲು ಹಾಕಲಿಲ್ಲ. ಮರುದಿನ ವೈದ್ಯ ಬಂದಾಗಲೂ ಹಾಗೆಯೇ ಕೂತಿದ್ದ.

ಊರ ಬಾಗಿಲಲ್ಲೇ ವೈದ್ಯನಿಗೆ ಸುದ್ದಿ ಸಿಕ್ಕಿತ್ತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಶಿಷ್ಯ ಕಾದ. ವೈದ್ಯ ಅವನ ಎದುರಿಗೆ ಬಂದು ಕೂತ. ಪ್ರಯಾಣದ ಧೂಳನ್ನೂ ತೊಳೆದಿರಲಿಲ್ಲ.

“ಕೊನೆಯ ಗರಿ ಓದಿದೆಯಾ?”

“ಮದ್ದು ನಡುವಿನ ಗರಿಯಲ್ಲಿತ್ತು, ಗುರುಗಳೇ.”

“ಕೊನೆಯ ಗರಿ ಓದು. ನನಗೆ ಕೇಳುವ ಹಾಗೆ ಓದು.”

ಶಿಷ್ಯ ಮೊದಲ ಕಟ್ಟಿನ ಕೊನೆಯ ಗರಿಯನ್ನು ಬೆಳಕಿಗೆ ಹಿಡಿದ. ಅಕ್ಷರ ಸಣ್ಣದಾಗಿತ್ತು. ನಕಲು ಮಾಡಿದವನು ತನ್ನ ಹೆಸರು, ಊರು, ತಿಂಗಳು ಬರೆದಿದ್ದ. ಅದರ ಕೆಳಗೆ ಹೀಗಿತ್ತು: ‘ಮೂಲದ ಕಟ್ಟಿನ ಮೊದಲ ಗರಿ ಪುಡಿಯಾಗಿತ್ತು. ಅದರಲ್ಲಿ ಏನಿತ್ತೋ ನನಗೆ ತಿಳಿಯದು. ಎರಡನೆಯ ಗರಿಯಿಂದ ಬರೆದಿದ್ದೇನೆ. ಇದು ಯಾರಿಗೆ ಹೇಳಿದ ಮದ್ದು ಎಂದು ತಿಳಿದವರನ್ನು ಕೇಳಿಕೊಂಡು ಬಳಸುವುದು.’

ಎರಡನೆಯ ಕಟ್ಟು ತೆಗೆದ. ಅದೇ ಹೆಸರು, ಅದೇ ಊರು, ಅದೇ ತಿಂಗಳು, ಅದೇ ಮಾತು. ಮೂರನೆಯದು. ನಾಲ್ಕನೆಯದನ್ನು ಅರ್ಧಕ್ಕೇ ಕೆಳಗಿಟ್ಟ. ಐದನೆಯದನ್ನು ವೈದ್ಯನೇ ಕೈಗೆ ತೆಗೆದುಕೊಂಡು ಓದಿದ. ನಕಲು ಮಾಡಿದವನು ಪ್ರಾಮಾಣಿಕ. ಒಂದು ಸಲವಲ್ಲ, ಐದು ಸಲ ಎಚ್ಚರಿಸಿದ್ದ.

“ಓಲೆಯ ಕಟ್ಟಿನಲ್ಲಿ ಮೊದಲು ಹಾಳಾಗುವುದು ಮೊದಲ ಗರಿಯೇ” ಎಂದ ವೈದ್ಯ. “ಎಲ್ಲರ ಕೈ ತಾಗುವುದು ಅದಕ್ಕೆ, ಹುಳು ಹತ್ತುವುದೂ ಅದಕ್ಕೆ. ಯಾರು ಬರೆದರು, ಯಾರಿಗೆ ಬರೆದರು ಎನ್ನುವುದು ಇರುವುದೂ ಅಲ್ಲೇ. ನೀನು ಓದಲಿಲ್ಲ. ದಾನ ಬಂದ ದಿನ ನಾನೂ ಓದಲಿಲ್ಲ. ಕುಂಕುಮ ಹಚ್ಚಿ ಒಳಗಿಟ್ಟೆ. ಏಳು, ಕೊಟ್ಟವನ ಮನೆಗೆ ಹೋಗೋಣ.”

ಕೊಟ್ಟವನು ಪೇಟೆಯ ಒಬ್ಬ ವರ್ತಕ. ಇಬ್ಬರನ್ನೂ ಕಂಡು ಸಂತೋಷಪಟ್ಟ. ಚಾಪೆ ಹಾಸಿದ, ಮಜ್ಜಿಗೆ ತರಿಸಿದ. ಪುಸ್ತಕದ ಮಾತು ಎತ್ತಿದ ಕೂಡಲೇ ಅವನ ಮುಖ ಅರಳಿತು.

“ಅದು ನಮ್ಮಪ್ಪನ ಪುಸ್ತಕ ಪಂಡಿತರೇ. ಘಟ್ಟ ಇಳಿದು ಉಪ್ಪು ತರುತ್ತಿದ್ದರಲ್ಲ, ಆಗ ನಮ್ಮಲ್ಲಿ ಹೇರು ಹೊರುವ ನಲವತ್ತು ಎತ್ತು ಇದ್ದವು. ಎತ್ತಿಗೆ ಮದ್ದು ಮಾಡುವವನೊಬ್ಬ ಜೊತೆಗೇ ಇರುತ್ತಿದ್ದ. ಅವನ ಹತ್ತಿರ ಹೇಳಿಸಿ ಬರೆಸಿದ್ದು. ಹಸೀ ಹುಲ್ಲು ತಿಂದು ಹೊಟ್ಟೆ ಉಬ್ಬಿ ಬಿದ್ದ ಎತ್ತು ಆ ಕಷಾಯ ಹೊಯ್ದರೆ ಎದ್ದು ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡಾಗ, ಅವರ ಹೆಸರಿನಲ್ಲಿ ನಾಲ್ಕು ಜನಕ್ಕೆ ಉಪಕಾರವಾಗಲಿ ಅಂತ ಐದು ಪ್ರತಿ ಮಾಡಿಸಿ ಐದನ್ನೂ ನಿಮಗೇ ಕೊಟ್ಟೆ. ಹಳೆಯದನ್ನು ಹೊಳೆಗೆ ಬಿಟ್ಟೆ. ಒಳ್ಳೆಯದಾಯಿತಾ? ಯಾರಿಗಾದರೂ ಉಪಯೋಗ ಬಿತ್ತಾ?”

ವೈದ್ಯ ಮಜ್ಜಿಗೆಯ ಲೋಟ ಕೆಳಗಿಟ್ಟ. ಆಮೇಲೆ, “ನಿಮ್ಮಲ್ಲಿ ಯಾರಾದರೂ ಇದು ಎತ್ತಿನ ಪುಸ್ತಕ ಎಂದು ನನಗೆ ಹೇಳಿದ್ದಿರಾ?” ಎಂದು ಕೇಳಿದ.

“ನೀವು ಕೇಳಲಿಲ್ಲವಲ್ಲ ಪಂಡಿತರೇ. ಪುಸ್ತಕ ಓದುವವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ನನಗೆ ಓದು ಬರುವುದಿಲ್ಲ” ಎಂದ ವರ್ತಕ. ಎದುರಿಗೆ ಕೂತವರ ಮುಖ ನೋಡಿ ಅವನ ನಗು ಮೆಲ್ಲಗೆ ಇಳಿಯಿತು.

ಅಲ್ಲಿಂದ ಶಿಷ್ಯ ಒಬ್ಬನೇ ಕುಂಬಾರನ ಮನೆಗೆ ಹೋದ. ಕುಂಬಾರ ತಿಗರಿಯ ಮುಂದೆ ಕೂತಿದ್ದ. ತಿಗರಿ ತಿರುಗುತ್ತಿರಲಿಲ್ಲ. ಶಿಷ್ಯ ಎಲ್ಲವನ್ನೂ ಹೇಳಿದ. ಎತ್ತು ಎಂದ, ಮೊದಲ ಗರಿ ಎಂದ, ಕೊನೆಯ ಗರಿ ಎಂದ. ಹೊಡೆದರೆ ಹೊಡೆಯಲಿ ಎಂದು ತಲೆ ಬಗ್ಗಿಸಿ ನಿಂತ.

ಕುಂಬಾರ ತಲೆ ಎತ್ತಿ ನೋಡಿದ.

“ನಾನು ಕೇಳಿದೆ” ಎಂದ. “ನೀವು ಐದು ಅಂದಿರಿ.”

ಮತ್ತೆ ತಿಗರಿಯ ಕಡೆಗೆ ತಿರುಗಿದ.

ಶಿಷ್ಯ ಮುಂದೆ ಎಷ್ಟೋ ವರ್ಷ ಬದುಕಿದ. ಮದ್ದು ಅರೆಯುವ ಕಲ್ಲನ್ನು ಮತ್ತೆ ಮುಟ್ಟಲಿಲ್ಲ. ವೈದ್ಯನ ಒಳಕೋಣೆಯ ಬಾಗಿಲಲ್ಲಿ ಕೂತು, ಹೊಸದಾಗಿ ಬಂದವರಿಗೆ ಒಂದು ವರ್ಷ ಒಂದೇ ಕೆಲಸ ಕಲಿಸಿದ. ಕಟ್ಟು ಬಿಚ್ಚಿದರೆ ಮೊದಲು ಎರಡು ತುದಿ ನೋಡಬೇಕು. ಇಬ್ಬರು ಒಂದೇ ಮಾತು ಹೇಳಿದರೆ, ಒಬ್ಬ ಇನ್ನೊಬ್ಬನಿಂದ ಕೇಳಿದ್ದೋ, ಇಬ್ಬರೂ ಬೇರೆಬೇರೆಯಾಗಿ ಕಂಡದ್ದೋ ಎಂದು ವಿಚಾರಿಸಬೇಕು. ಅದು ತಿಳಿಯುವ ತನಕ ಎಷ್ಟು ಕಟ್ಟು ಇದ್ದರೂ ಒಂದೇ ಎಂದು ಎಣಿಸಬೇಕು. ಹುಡುಗರು ಗೊಣಗುತ್ತಿದ್ದರು. ನಡುವಿನ ಗರಿಯಲ್ಲಿ ಏನಿದೆ ಎಂದು ಯಾವಾಗ ಕಲಿಸುತ್ತೀರಿ ಎಂದು ಕೇಳುತ್ತಿದ್ದರು. ಅವನು ಕೊನೆಯ ಗರಿಯನ್ನು ಅವರ ಕೈಗೆ ಕೊಡುತ್ತಿದ್ದ.

ಸಂಗಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು.

ತನ್ನ ಉತ್ತರದ ಹಾಳೆಯನ್ನು ದಾನೇಶ್ವರಿ ಯಾವಾಗಲೋ ಮಡಚಿ ಮಡಚಿ ಅಂಗೈಯಷ್ಟು ಮಾಡಿಬಿಟ್ಟಿದ್ದಳು. ಕೆರೆಯ ತೂಬು ಯಾರು ಕಟ್ಟಿಸಿದರೆ ಏನು, ಯಾರೂ ಸಾಯುವುದಿಲ್ಲ ಎಂದು ಮನಸ್ಸಿನಲ್ಲಿ ಬಂತು. ಆದರೆ ಬಾಯಿಗೆ ಬೇರೆ ಮಾತು ಬಂತು.

“ಆ ಐದು ಕಟ್ಟು ಏನಾದವು ಗುರುಗಳೇ? ಅವನ್ನು ಸುಟ್ಟುಬಿಟ್ಟರು ತಾನೇ? ಸುಟ್ಟ ಮೇಲೆ ಮುಂದಿನವರಿಗೆ ಭಯವಿಲ್ಲವಲ್ಲ. ಮತ್ತೆ ಅಷ್ಟೊಂದು ಕಲಿಸುವುದು ಯಾಕೆ ಬೇಕಾಯಿತು?”

ಸಂಗಯ್ಯನವರು ಕನ್ನಡಕ ಹಾಕಿಕೊಂಡರು.

“ಐದನ್ನೂ ಅಂದೇ ಸುಟ್ಟರು ತಂಗಿ, ಆದರೆ ಅಷ್ಟು ಹೊತ್ತಿಗಾಗಲೇ ಹಿಂದೆ ಆ ಮನೆಗೆ ಬಂದಿದ್ದ ಏಳು ಜನ ಆ ಮದ್ದಿನ ಗರಿಯನ್ನಷ್ಟೇ ನಕಲು ಮಾಡಿಕೊಂಡು ಏಳು ಊರಿಗೆ ಹೋಗಿದ್ದರು.”